ಉಳಿದ ತುಂಡು ಯಾರದು

ದಬ್ಬಳದಕ್ಕನ ಹೊಲಿಗೆ ಮಿಷಿನ್ನನ್ನು ಪೊಲೀಸರು ಹೊತ್ತುಕೊಂಡು ಹೋದ ದಿನದಿಂದ ಆ ಬೀದಿಯ ಹರಿದ ಡೇರೆ, ತೂತುಬಿದ್ದ ಟಾರ್ಪಾಲು, ಪಟ್ಟಿ ಕಿತ್ತ ಚೀಲಗಳೆಲ್ಲ ದಿಕ್ಕಿಲ್ಲದ ಮಕ್ಕಳಂತಾಗಿದ್ದವು. ಬೇರೆ ದರ್ಜಿಗಳು ಅಂಗಿ, ಫ್ರಾಕು ಎಂದು ನಾಜೂಕು ಬಟ್ಟೆಗಳ ಹಿಂದೆ ಬಿದ್ದರೆ ಇವಳದು ದಪ್ಪ ಬಟ್ಟೆಯ ವ್ಯವಹಾರ. ಗೋಣಿ ಹೊಲಿಯುವ ದಪ್ಪ ಸೂಜಿಯಾದ ದಬ್ಬಳದ ಹೆಸರು ಬಂದದ್ದೂ ಅದರಿಂದಲೇ. ಮಿಷಿನ್ನು ಅವಳ ತಾಯಿಯದು. ಕಬ್ಬಿಣದ ಗಟ್ಟಿ ಜೀವ, ಮಡಿಸಿದ ಕ್ಯಾನ್ವಾಸನ್ನೂ ಗೊಣಗದೆ ಹೊಲಿಯುತ್ತಿತ್ತು. ಈಗಿನ ಮಿಷಿನ್ನುಗಳು ಅಂಥ ಬಟ್ಟೆ ಕಂಡರೆ ಸೂಜಿ ಮುರಿದುಕೊಂಡು ಕೂತುಬಿಡುತ್ತವೆ.

ಮಿಷಿನ್ನು ಹೋದ ಮೇಲೆ ಅವಳ ಅಂಗಡಿಯ ಷಟರು ಮುಚ್ಚಿತು. ಹೊಟ್ಟೆಪಾಡಿಗೆ ನಾದಿನಿಯ ಅಂಗಡಿ ಸೇರಿಕೊಂಡಳು. ನಾದಿನಿ ಮಕ್ಕಳ ಬಟ್ಟೆ ಹೊಲಿಯುವವಳು, ಬಾಯಿ ಸ್ವಲ್ಪ ಜೋರು, ಮನಸ್ಸು ಒಳ್ಳೆಯದು. ಅತ್ತಿಗೆಗೆ ಅವಳು ಕೊಟ್ಟ ಕೆಲಸ ಗುಂಡಿ ಹಚ್ಚುವುದು.

"ಅತ್ತಿಗೆ, ಸ್ವಲ್ಪ ಮೆಲ್ಲಗೆ ಎಳೀರಿ ದಾರಾನ. ಅದು ಮಗು ಅಂಗಿ, ಗೋಣಿಚೀಲ ಅಲ್ಲ."

"ಮಗು ದೊಡ್ಡದಾಗಿ ಮದುವೆಯಾದ್ರೂ ಈ ಗುಂಡಿ ಬೀಳಲ್ಲ, ನೋಡ್ತಿರು" ಎನ್ನುತ್ತಿದ್ದಳು ದಬ್ಬಳದಕ್ಕ. ಅದೂ ನಿಜವೇ. ಆ ಗುಂಡಿಗಳನ್ನು ಕಾಜದಿಂದ ಬಿಡಿಸಲಾಗದೆ ತಾಯಂದಿರು ಮಕ್ಕಳನ್ನು ಅಂಗಿಯ ಸಮೇತ ಸ್ನಾನಕ್ಕೆ ಕೂರಿಸುತ್ತಾರೆಂದು ನಾದಿನಿ ದೂರುತ್ತಿದ್ದಳು.

ಪೊಲೀಸರು ಮಿಷಿನ್ನನ್ನೇಕೆ ಒಯ್ದರು ಎಂಬುದನ್ನು ಹೇಳದಿದ್ದರೆ ಕಥೆ ಮುಂದೆ ಸಾಗುವುದಿಲ್ಲ. ಸರ್ಕಾರ ಸೈನ್ಯಕ್ಕೆಂದು ಒಂದು ಹೊಸ ಯುದ್ಧದ ಟ್ಯಾಂಕು ತರಿಸಿತ್ತು. ಬಂದದ್ದೇನೋ ಬಂತು, ಆದರೆ ಅದರ ಭಾರಕ್ಕೆ ಊರಿನ ಸೇತುವೆ ಕುಸಿಯುತ್ತದೆಂದು ಎಂಜಿನಿಯರುಗಳು ಕೈಚೆಲ್ಲಿದರು. ಟ್ಯಾಂಕು ನಿಂತಲ್ಲೇ ನಿಂತಿತು. ಅದು ನೆನೆಯಬಾರದೆಂದು ಸುತ್ತ ಗೋಡೆ ಕಟ್ಟಿಸಿದರು, ಮೇಲೆ ತಗಡಿನ ಮಾಡು ಹಾಕಿಸಿದರು, ಅಷ್ಟೂ ಸಾಲದೆ ಮೈತುಂಬ ಹೊದಿಸಲು ಕ್ಯಾನ್ವಾಸಿನ ಗವಸು ಹೊಲಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದರೆ ಇದೇ. ಆ ಗವಸು ಹೊಲಿದವಳು ದಬ್ಬಳದಕ್ಕ. ಹೊಲಿದು ಉಳಿದ ತುಂಡುಗಳನ್ನು ದರ್ಜಿಗಳ ವಾಡಿಕೆಯಂತೆ ಮೂಲೆಯಲ್ಲಿ ಎತ್ತಿಟ್ಟಳು. ಬಟ್ಟೆ ಕೊಟ್ಟವರು ಉಳಿದ ತುಂಡನ್ನು ಕೇಳುವುದಿಲ್ಲ, ಹೊಲಿದವರು ಹಿಂದಿರುಗಿಸುವುದಿಲ್ಲ. ಅವಳ ತಾಯಿಯ ಕಾಲಕ್ಕೂ ಹಾಗೆಯೇ ಇತ್ತು.

ಸ್ವಲ್ಪ ದಿನಕ್ಕೆ ಸರ್ಕಾರಿ ಆಸ್ಪತ್ರೆಯ ನರ್ಸುಗಳು ಬಂದರು. ವಾರ್ಡಿನಲ್ಲಿ ಹೊದಿಕೆಯಿಲ್ಲ, ಮೆರವಣಿಗೆ ಮಾಡುತ್ತೇವೆ, ಒಂದು ಬ್ಯಾನರು ಬೇಕು, ಬಟ್ಟೆ ತರಲು ಕೈಯಲ್ಲಿ ಏನೂ ಇಲ್ಲ ಎಂದರು. ದಬ್ಬಳದಕ್ಕ ಮೂಲೆಯ ತುಂಡುಗಳನ್ನೇ ಜೋಡಿಸಿ ಹೊಲಿದುಕೊಟ್ಟಳು. ನರ್ಸುಗಳು ಅದರ ಮೇಲೆ "ಟ್ಯಾಂಕು ಬೆಚ್ಚಗಿದೆ, ರೋಗಿ ನಡುಗುತ್ತಿದ್ದಾನೆ" ಎಂದು ಬರೆದು ನೇರವಾಗಿ ಟ್ಯಾಂಕಿನ ಎದುರಿಗೇ ಹೋಗಿ ನಿಂತರು. ಗವಸಿನ ಬಣ್ಣವೂ ಬ್ಯಾನರಿನ ಬಣ್ಣವೂ ಒಂದೇ ಎಂಬುದು ಕುರುಡನಿಗೂ ಕಾಣುವಂತಿತ್ತು. ಸಂಜೆಯೊಳಗೆ ಸೈನ್ಯದ ಸೊತ್ತನ್ನು ದುರುಪಯೋಗ ಮಾಡಿದ ಆರೋಪ ಅವಳ ತಲೆಗೆ ಕಟ್ಟಿ, ಮಿಷಿನ್ನನ್ನು ಸಾಕ್ಷ್ಯವೆಂದು ಹೊತ್ತೊಯ್ದರು.

ಅಲ್ಲಿಂದ ಶುರುವಾಯಿತು ಅಲೆದಾಟ. ಕೋರ್ಟು "ಇದು ಹೊಟ್ಟೆಪಾಡಿನ ಪ್ರಶ್ನೆ, ಮಾನವ ಹಕ್ಕುಗಳ ಮಂಡಳಿಗೆ ಹೋಗು" ಎಂದಿತು. ಮಂಡಳಿ "ಇದು ಸೈನ್ಯದ ಬಟ್ಟೆಯ ಪ್ರಶ್ನೆ, ಕೋರ್ಟಿಗೆ ಹೋಗು" ಎಂದಿತು. ಕೊನೆಗೆ ಮಂಡಳಿ ದೊಡ್ಡ ಮನಸ್ಸು ಮಾಡಿ ಅರ್ಜಿ ತೆಗೆದುಕೊಂಡಿತು, ತೆಗೆದುಕೊಂಡು ತಾರೀಖಿನ ಮೇಲೆ ತಾರೀಖು ಕೊಡುತ್ತ ವರ್ಷಗಳನ್ನೇ ಕಳೆಯಿತು. ಒಮ್ಮೆ ವಕೀಲರಿಗೆ ಜ್ವರ, ಒಮ್ಮೆ ಸೈನ್ಯದ ಅಧಿಕಾರಿಗೆ ಪೆರೇಡು, ಮತ್ತೊಮ್ಮೆ ಮಿಷಿನ್ನು ತರಲು ಪೊಲೀಸರಿಗೆ ಗಾಡಿಯಿಲ್ಲ.

ಅವಳಂಥವರು ಮಂಡಳಿಯ ಅಂಗಳದ ತುಂಬ ಇದ್ದರು. ಅವರಲ್ಲೆಲ್ಲ ಹಿರಿಯ, ಕಿಟಕಿ ತಾತ. ಹಿಂದೆ ಪೋಸ್ಟ್‌ಮ್ಯಾನ್ ಆಗಿದ್ದವನು. ಟ್ಯಾಂಕಿನ ಸುತ್ತ ಎದ್ದ ಗೋಡೆ ಅವನ ಮನೆಯ ಬಾಗಿಲಿಗೇ ಅಡ್ಡ ಬಂದು, ಆವತ್ತಿನಿಂದ ಅವನು ಮನೆಗೆ ಹೋಗಿಬರುವುದೆಲ್ಲ ಕಿಟಕಿಯಿಂದ. "ಊರಿನ ಮನೆಮನೆಗೆ ಬಾಗಿಲು ತಟ್ಟಿ ಕಾಗದ ಕೊಟ್ಟವನು ನಾನು. ಈಗ ನನಗೊಂದು ಕಾಗದ ಬಂದ್ರೆ ತಟ್ಟೋಕೆ ಬಾಗಿಲಿಲ್ಲ" ಎಂದು ನಗುತ್ತಿದ್ದ. ನಕ್ಕ ಮೇಲೆ ಮಂಡಿ ನೀವಿಕೊಳ್ಳುತ್ತಿದ್ದ. ಈ ವಯಸ್ಸಿನಲ್ಲಿ ಕಿಟಕಿ ಹತ್ತುವುದು ಹುಡುಗಾಟವಲ್ಲ.

ಆ ಸಲದ ತಾರೀಖಿಗೆ ದಬ್ಬಳದಕ್ಕ ಎಂದಿಗಿಂತ ಮುಂಚೆಯೇ ಮಂಡಳಿಗೆ ಬಂದಳು. ಮರುದಿನದಿಂದ ಮಂಡಳಿಗೆ ದೊಡ್ಡ ರಜೆ. ಅಂಗಡಿಯ ಮಾಲೀಕ ಕಾದು ಕಾದು ಸಾಕಾಗಿ, "ಈ ಸಲವೂ ತಾರೀಖು ಬಿದ್ರೆ ಅಂಗಡಿ ಬೇರೆಯವರಿಗೆ ಕೊಡ್ತೀನಮ್ಮ, ಬೇಜಾರು ಮಾಡ್ಕೋಬೇಡ" ಎಂದಿದ್ದ. ಅಂದರೆ ಇವತ್ತು ಮಿಷಿನ್ನು ಸಿಗಬೇಕು. ಸಿಗದಿದ್ದರೆ ಉಳಿದ ಆಯುಷ್ಯವೆಲ್ಲ ಗುಂಡಿ.

ಗೇಟಿನ ಒಳಗೆ ಕಾಲಿಟ್ಟರೆ ಒಂದು ಒಳ್ಳೆಯದು, ಒಂದು ಕೆಟ್ಟದ್ದು. ಒಳ್ಳೆಯದೆಂದರೆ, ಪೊಲೀಸ್ ದಫೇದಾರ ಕೊನೆಗೂ ಮಿಷಿನ್ನನ್ನು ತಳ್ಳುಗಾಡಿಯಲ್ಲಿ ತಂದಿದ್ದ. ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿದ್ದರು. ಬಟ್ಟೆಯ ಸಂದಿನಿಂದ ಚಕ್ರದ ಅಂಚು ಕಂಡದ್ದೇ ತಡ, ದಬ್ಬಳದಕ್ಕನ ಕಣ್ಣು ಒದ್ದೆಯಾಯಿತು. ತವರಿನವರು ಯಾರೋ ಬಂದಷ್ಟು ಸಂತೋಷವಾಯಿತು ಅವಳಿಗೆ.

ಕೆಟ್ಟದ್ದೆಂದರೆ, ಡೇರೆ ಹರಿದಿತ್ತು. ಮಂಡಳಿಯ ಕಟ್ಟಡದ ಸೂರು ಉದುರತೊಡಗಿ, ರಿಪೇರಿಗೆ ಹಣವಿಲ್ಲದೆ, ಕಲಾಪವೆಲ್ಲ ಅಂಗಳದ ಡೇರೆಯ ಕೆಳಗೆ ನಡೆಯುತ್ತಿತ್ತು. ಟ್ಯಾಂಕಿಗೆ ತಗಡಿನ ಮಾಡು, ನ್ಯಾಯಕ್ಕೆ ಬಟ್ಟೆಯ ಮಾಡು. ಹಿಂದಿನ ದಿನದ ಗಾಳಿಗೆ ಆ ಬಟ್ಟೆ ನಡುಮಧ್ಯೆ ಸೀಳಿ, ಅಧ್ಯಕ್ಷೆಯ ಕುರ್ಚಿಯ ಮೇಲೆ ಬಿಸಿಲು ಸುರಿಯುತ್ತಿತ್ತು.

ಗುಮಾಸ್ತ ಮೇಜಿನ ಮೇಲೆ ಪೆನ್ನು ಕುಟ್ಟಿ ಸಾರಿದ. "ತಲೆ ಮೇಲೆ ಮಾಡು ಇಲ್ಲದೆ ಮಂಡಳಿ ಕೂರೋ ಹಾಗಿಲ್ಲ. ನಿಯಮ ಇದೆ. ಎಲ್ಲಾ ಕೇಸೂ ರಜೆ ಆದ್ಮೇಲೆ."

ಅಂಗಳಕ್ಕೆ ಅಂಗಳವೇ ಕೆರಳಿತು. "ಹರಿದಿರೋದು ನಿಮ್ಮ ಡೇರೆ, ತಾರೀಖು ನಮಗ್ಯಾಕ್ರೀ?" ಎಂದು ಯಾರೋ ಕೂಗಿದರು. "ಆ ಟ್ಯಾಂಕನ್ನ ಇಲ್ಲಿ ತಂದು ನಿಲ್ಸಿ, ಅದರ ನೆರಳಲ್ಲಾದ್ರೂ ಕೂತ್ಕೊಳ್ತೀವಿ" ಎಂದಿತು ಇನ್ನೊಂದು ದನಿ. ಜೊತೆಗೆ ಬಂದಿದ್ದ ನಾದಿನಿಯಂತೂ ಸೊಂಟಕ್ಕೆ ಸೆರಗು ಸಿಕ್ಕಿಸಿಯೇಬಿಟ್ಟಳು.

ದಬ್ಬಳದಕ್ಕ ಮಾತ್ರ ಕೂಗಲಿಲ್ಲ. ಅವಳು ಕತ್ತೆತ್ತಿ ಸೀಳನ್ನು ನೋಡುತ್ತಿದ್ದಳು. ಸೀಳು ಉದ್ದವಾಗಿತ್ತು, ಆದರೆ ನೇರವಾಗಿತ್ತು. ಕೆಳಗಿನಿಂದ ಒಂದು ಪಟ್ಟಿ ಕೊಟ್ಟು ಹೊಲಿದರೆ ನಿಲ್ಲುತ್ತದೆ.

"ಕೈಯಲ್ಲಿ ಹೊಲಿಯೋಕೆ ಎರಡು ದಿನ ಬೇಕು. ಅದರಲ್ಲಾದ್ರೆ ಈಗಲೇ ಆಗುತ್ತೆ" ಎಂದು ತಳ್ಳುಗಾಡಿಯ ಕಡೆ ಕೈ ತೋರಿಸಿದಳು.

ಗುಮಾಸ್ತ ಹಾವು ತುಳಿದವನಂತೆ ಹಾರಿದ. "ಅದು ಸಾಕ್ಷ್ಯ! ಮುದ್ರೆ ಮುಟ್ಟಿದ್ರೆ ಇನ್ನೊಂದು ಕೇಸಾಗುತ್ತೆ!"

ಅಧ್ಯಕ್ಷೆ ಆಗಷ್ಟೇ ಕೊಡೆ ಹಿಡಿದು ಬಂದು ನಿಂತಿದ್ದರು. ನರೆಗೂದಲಿನ, ದಣಿದ ಮುಖದ ಹೆಂಗಸು. ಅವರೂ ಈ ತಾರೀಖುಗಳಿಂದ ರೋಸಿಹೋಗಿದ್ದರೆಂದು ಯಾರೂ ಊಹಿಸಿರಲಿಲ್ಲ. ಡೇರೆ ನೋಡಿದರು, ಮಿಷಿನ್ನು ನೋಡಿದರು, ಗುಮಾಸ್ತನನ್ನು ನೋಡಿದರು.

"ಸಾಕ್ಷ್ಯ ಸುಸ್ಥಿತಿಯಲ್ಲಿದೆಯೋ ಇಲ್ಲವೋ ಪರಿಶೀಲಿಸೋ ಅಧಿಕಾರ ನಮಗಿದೆ ತಾನೇ?"

"ಇದೆ ಮೇಡಂ."

"ಹೊಲಿದು ನೋಡದೆ ಹೊಲಿಗೆ ಮಿಷಿನ್ನನ್ನ ಹೇಗಪ್ಪಾ ಪರಿಶೀಲಿಸೋದು? ಮುದ್ರೆ ಒಡೀರಿ."

ಆಮೇಲೆ ನಡೆದದ್ದು ಆ ಅಂಗಳ ಹಿಂದೆಂದೂ ಕಾಣದ ಕೆಲಸ. ಡೇರೆಯನ್ನು ಕೆಳಗಿಳಿಸಿದರು. ಕಡತಗಳಿಗೆ ಹೊದಿಸಲು ಉಗ್ರಾಣದಲ್ಲಿಟ್ಟಿದ್ದ ಕ್ಯಾನ್ವಾಸಿನ ಸುರುಳಿಯನ್ನು ಗುಮಾಸ್ತ ಒಲ್ಲದ ಮನಸ್ಸಿನಿಂದ ತಂದ. ದಬ್ಬಳದಕ್ಕ ಮಿಷಿನ್ನಿನ ಕೀಲುಗಳಿಗೆ ಎಣ್ಣೆ ಬಿಟ್ಟಳು, ಚಕ್ರಕ್ಕೆ ಕೈ ಕೊಟ್ಟಳು. ಮೊದಲು ಕಿರ್ರೆಂದಿತು, ಸ್ವಲ್ಪ ಮುನಿಸು ತೋರಿಸಿತು, ಆಮೇಲೆ ಕಟಕಟನೆ ಓಡತೊಡಗಿತು. ಬಟ್ಟೆಯ ಭಾರ ಹೊರಲು ಕೇಸಿನವರೆಲ್ಲ ಸಾಲಾಗಿ ನಿಂತರು. ಕಿಟಕಿ ತಾತ ಒಂದು ಅಂಚು, ದಫೇದಾರ ಒಂದು ಅಂಚು. ಕೈ ಸಾಲದಾದಾಗ ಸರ್ಕಾರಿ ವಕೀಲನೂ ಕೋಟು ಕಳಚಿಟ್ಟು ಬಂದ. ವಯಸ್ಸು ಚಿಕ್ಕದು, ದುಂಡು ಮುಖ. ಪ್ರತಿ ತಾರೀಖಿನಲ್ಲೂ "ಸೈನ್ಯದ ಬಟ್ಟೆಯ ಒಂದು ನೂಲೂ ಸೈನ್ಯದ್ದೇ" ಎಂದು ವಾದಿಸುತ್ತಿದ್ದವನು ಇವನೇ.

"ಎಳೀಬೇಡಿ ವಕೀಲರೇ, ಸುಮ್ನೆ ಹಿಡ್ಕೊಳ್ಳಿ" ಎಂದಳು ದಬ್ಬಳದಕ್ಕ.

"ಎಳೆಯೋದೊಂದೇ ಅವರಿಗೆ ಗೊತ್ತಿರೋದು, ಕೇಸು ನೋಡಿಲ್ವಾ?" ಎಂದು ನಾದಿನಿ ಅಂದದ್ದಕ್ಕೆ ಅಧ್ಯಕ್ಷೆಯೂ ಕೊಡೆಯ ಮರೆಯಲ್ಲಿ ನಕ್ಕರು. ವಕೀಲನೂ ನಕ್ಕ. ಕೈತುಂಬ ಕೆಲಸವಿದ್ದಾಗ ಮನುಷ್ಯನಿಗೆ ಹುದ್ದೆ ಮರೆತುಹೋಗುತ್ತದೆ.

ಹೊಲಿಗೆ ಮುಗಿಯಿತು. ಡೇರೆ ಮೇಲೇರಿತು, ಕುರ್ಚಿಗೆ ನೆರಳು ಬಂತು, ಜನ ಚಪ್ಪಾಳೆ ತಟ್ಟಿದರು. ಕ್ಯಾನ್ವಾಸಿನ ಒಂದು ತುಂಡು ಉಳಿದಿತ್ತು. ದಬ್ಬಳದಕ್ಕ ಅದನ್ನು ಮಡಿಸಿ ಗುಮಾಸ್ತನತ್ತ ಚಾಚಿದಳು. ಬಿಸಿಹಾಲು ಕುಡಿದು ಬಾಯಿ ಸುಟ್ಟುಕೊಂಡವಳು, ಮಜ್ಜಿಗೆಯನ್ನೂ ಊದಿಯೇ ಕುಡಿಯಬೇಕಲ್ಲ.

"ಸರ್ಕಾರದ ಬಟ್ಟೆ. ಎಣಿಸಿ ಒಳಗಿಡಿ."

ಸರ್ಕಾರಿ ವಕೀಲ ಹಣೆಯ ಬೆವರು ಒರೆಸಿಕೊಳ್ಳುತ್ತ, ಕೋಟಿಗೆ ಕೈ ಹಾಕುತ್ತ, ಮನೆಯವರೊಡನೆ ಮಾತಾಡಿದಷ್ಟು ಸಲೀಸಾಗಿ ಅಂದುಬಿಟ್ಟ. "ಅಯ್ಯೋ, ಇಟ್ಕೊಳ್ಳಮ್ಮ. ಉಳಿದ ತುಂಡು ಹೊಲಿದವರದ್ದೇ ತಾನೇ? ನಮ್ಮ ಟೈಲರು ಇವತ್ತಿನವರೆಗೂ ಒಂದು ಚೂರು ವಾಪಸ್ ಕೊಟ್ಟಿಲ್ಲ, ನಾನು ಕೇಳಿಯೂ ಇಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂಗಳದವರೆಲ್ಲ ಅವನತ್ತ ತಿರುಗಿದರು. ವಕೀಲನ ಒಂದು ಕೈ ಕೋಟಿನ ತೋಳಿನಲ್ಲೇ ನಿಂತುಹೋಯಿತು.

ಅಧ್ಯಕ್ಷೆ ನಿಧಾನವಾಗಿ ಕೊಡೆ ಮಡಿಸಿ, ಕುರ್ಚಿಯಲ್ಲಿ ಕೂತು, ದಬ್ಬಳದಕ್ಕನ ಅರ್ಜಿಯನ್ನು ಮೊದಲಿಗೇ ಕೂಗಿಸಿದರು.

"ವಕೀಲರೇ, ಈ ಡೇರೆಯಲ್ಲಿ ಉಳಿದ ತುಂಡು ಹೊಲಿದವರದ್ದು ಅಂತ ಈಗ ನೀವೇ ಹೇಳಿದ್ರಿ. ಟ್ಯಾಂಕಿನ ಗವಸಿನಲ್ಲಿ ಉಳಿದದ್ದು ಯಾರದು?"

ವಕೀಲ ಕಡತ ತಿರುವಿದ, ಕೆಮ್ಮಿದ. ಕೊನೆಗೆ ತನ್ನಷ್ಟಕ್ಕೆ ತಾನೇ ನಗತೊಡಗಿದ. "ಮೇಡಂ, ಏನು ಹೇಳಲಿ? ಅದೂ ಅವರದ್ದೇ. ನನ್ನ ಬಾಯಿ ನನ್ನ ಕೈಯಲ್ಲಿಲ್ಲ."

"ಇಂಥ ದಿನಕ್ಕೆ ಇಷ್ಟು ವರ್ಷ ಬೇಕಾಯ್ತಲ್ಲಪ್ಪ" ಎಂದು ಅಧ್ಯಕ್ಷೆ ಆದೇಶ ಬರೆಸಿದರು. ಬಟ್ಟೆ ಸೈನ್ಯದ್ದಲ್ಲ, ಮಿಷಿನ್ನನ್ನು ಒಯ್ದದ್ದು ತಪ್ಪು, ಈಗಲೇ ಹಿಂದಿರುಗಿಸತಕ್ಕದ್ದು. ಆದೇಶದ ಪ್ರತಿ ರಜೆಯ ನಂತರವೇ ಸಿಗುವುದೆಂದು ಗುಮಾಸ್ತ ಎದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! "ಮಿಷಿನ್ನು ಇಲ್ಲೇ ಇದೆ, ಅವರೂ ಇಲ್ಲೇ ಇದ್ದಾರೆ. ಪ್ರತಿ ನಿಧಾನಕ್ಕೆ ಬರ್ಕೊಳ್ಳಿ" ಎಂದು ಅಧ್ಯಕ್ಷೆ ಅವನನ್ನು ಕೂರಿಸಿದರು.

ನಾದಿನಿ ಅತ್ತಿಗೆಯನ್ನು ತಬ್ಬಿಕೊಂಡಳು, ತಬ್ಬಿಕೊಂಡೇ ಅತ್ತಳು. "ಇನ್ನು ಗುಂಡಿಗೆ ನಾನು ಯಾರನ್ನ ಹುಡುಕಲಿ, ಅತ್ತಿಗೆ?" ಎಂದಳು. ದಬ್ಬಳದಕ್ಕ ಮಿಷಿನ್ನಿನ ತಣ್ಣನೆಯ ಕತ್ತನ್ನು ಸವರುತ್ತ ನಿಂತಳು. ಇಷ್ಟು ವರ್ಷ ಈ ಅಂಗಳದಿಂದ ಹೊರಗೆ ಓಡಬೇಕೆಂದು ಅವಳು ಕಂಡ ಕನಸು ಒಂದಲ್ಲ ಎರಡಲ್ಲ. ಮಾಲೀಕನಿಗೆ ಫೋನು ಮಾಡಿದ್ದಾಯಿತು, ಅವನು "ಷಟರು ತೆಗೀಯಮ್ಮ, ನನ್ನದೂ ಒಂದು ಚೀಲ ಹರಿದಿದೆ" ಎಂದದ್ದೂ ಆಯಿತು. ಮಿಷಿನ್ನು ಹೊತ್ತ ತಳ್ಳುಗಾಡಿ ಗೇಟಿನ ಹತ್ತಿರ ಬಂತು.

ಆಗ ಗಾಳಿ ಬೀಸಿತು. ಅವಳು ಹಾಕಿದ ಪಟ್ಟಿಗೆ ಏನೂ ಆಗಲಿಲ್ಲ, ಅದು ಬಂಡೆಯಂತಿತ್ತು. ಆದರೆ ಡೇರೆಯ ಇನ್ನೊಂದು ತುದಿ, ಹಳೆಯ ಬಟ್ಟೆ, ಪರ್ರೆಂದು ಸೀಳಿತು. ಗುಮಾಸ್ತನ ಮುಖ ಅರಳಿತು. ಪೆನ್ನು ಕೈಗೆತ್ತಿಕೊಂಡ.

"ಮತ್ತೆ ಮಾಡು ಹೋಯ್ತು. ಉಳಿದ ಕೇಸೆಲ್ಲ ರಜೆ ಆದ್ಮೇಲೆ."

ಮುಂದಿನ ಸರದಿಯವನು ಕಿಟಕಿ ತಾತ. ಹೆಸರು ಕೂಗುತ್ತಾರೆಂದು ಎದ್ದು, ಅಂಗಿಯ ಕಾಲರು ಸರಿಮಾಡಿಕೊಂಡು ಮೇಜಿನವರೆಗೂ ಹೋಗಿದ್ದ. ಈಗ ಹಿಂದೆ ಬಂದು ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಂಡ. ಈ ಸಲ ನಗಲಿಲ್ಲ.

ನಾದಿನಿ ಗಾಡಿಯ ಹಿಡಿ ಹಿಡಿದು ಅವಸರ ಮಾಡಿದಳು. "ನಡೀರಿ ಅತ್ತಿಗೆ, ಇವರ ಮನಸ್ಸು ಬದಲಾಗೋದ್ರೊಳಗೆ ಗೇಟು ದಾಟೋಣ!"

ಅದು ಬುದ್ಧಿವಂತರ ಮಾತು. ದಬ್ಬಳದಕ್ಕನಿಗೂ ಹಾಗೇ ಅನಿಸಿತು. ಗೇಟಿನ ಆಚೆ ಅವಳ ಬೀದಿಗೆ ಹೋಗುವ ಬಸ್ಸು ನಿಂತಿತ್ತು. ಒಂದು ಹೆಜ್ಜೆ ಇಟ್ಟಳು ಕೂಡ. ಆಮೇಲೆ ತಾತನ ಮಂಡಿ ನೋಡಿದಳು, ಅವನ ಹಿಂದೆ ಬೆಂಚು ತುಂಬ ಕೂತವರನ್ನು ನೋಡಿದಳು.

"ಗಾಡಿ ತಿರುಗ್ಸೇ" ಎಂದಳು.

"ಅತ್ತಿಗೆ, ನಿಮಗೇನು ತಲೆ ಕೆಟ್ಟಿದೆಯಾ?"

"ಕೆಟ್ಟಿರ್ಲಿ ಬಿಡು. ತಾತ ಇವತ್ತು ಬಾಗಿಲಿಂದ ಮನೆಗೆ ಹೋಗ್ಲಿ." ಅವಳು ಸ್ಟೂಲು ಎಳೆದು ಕೂತು, ಗುಮಾಸ್ತನ ಕಡೆ ತಿರುಗಿದಳು. "ನೀವು ಹೆಸರು ಕೂಗ್ತಾ ಇರಿ ಸ್ವಾಮಿ. ಇದು ಎಷ್ಟು ಸಲ ಹರಿದ್ರೂ ಸಂಜೆವರೆಗೂ ನಾನು ಇಲ್ಲೇ ಇರ್ತೀನಿ."

ಗುಮಾಸ್ತ ಅಧ್ಯಕ್ಷೆಯ ಮುಖ ನೋಡಿದ. ಅಧ್ಯಕ್ಷೆ ಕೊಡೆಯನ್ನೇ ಸೂರಿನಂತೆ ಬಿಚ್ಚಿ, ಹರುಕಿನಿಂದ ಬೀಳುವ ಬಿಸಿಲಿಗೆ ಅಡ್ಡ ಹಿಡಿದು ಕೂತರು. ನಾದಿನಿ ಗೊಣಗುತ್ತಲೇ ಬಂದು ಡೇರೆಯ ಒಂದು ಅಂಚು ಹಿಡಿದಳು. ಇನ್ನೊಂದು ಅಂಚಿಗೆ ಸರ್ಕಾರಿ ವಕೀಲ, ಈ ಸಲ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು, ಓಡಿ ಬಂದ. ಮಿಷಿನ್ನು ಕಟಕಟ ಎನ್ನತೊಡಗಿತು, ಆ ಸದ್ದನ್ನೂ ಮೀರಿಸಿ ಗುಮಾಸ್ತ ಕಿಟಕಿ ತಾತನ ಹೆಸರು ಕೂಗಬೇಕಾಯಿತು.