ಫ್ರಾಕಿನ ಎರಡನೇ ಮಡಿಕೆ

ಎಲ್ಲಿಂದ ಶುರು ಮಾಡಲಿ? ನಾಲ್ಕನೇ ಮಹಡಿ, ಎರಡು ಕೋಣೆ, ಐದು ಜನ, ಒಂದೇ ಬಚ್ಚಲು, ಬಾಗಿಲಲ್ಲಿ ಕ್ಯೂ... (ಬೇಡ. ದೊಡ್ಡ ಊರಿನ ಮನೆಯೆಂದರೆ ಎಲ್ಲರೂ ಬಚ್ಚಲಿನಿಂದಲೇ ಶುರು ಮಾಡುತ್ತಾರೆ.) ಹೊಲಿಗೆ ಮೆಷಿನ್ನಿನಿಂದ ಶುರು ಮಾಡುತ್ತೇನೆ.

೧. ನಿರ್ದೇಶಕಿ ತನ್ನ ಬಾಲ್ಯವನ್ನೇ ಸಿನಿಮಾ ಮಾಡುತ್ತಿದ್ದಾಳೆ. ಮನೆಯಲ್ಲಿ ಆಕೆಗೆ ಇಬ್ಬರು ಅಕ್ಕಂದಿರು, ದೊಡ್ಡಕ್ಕ ಮತ್ತು ಚಿಕ್ಕಕ್ಕ. ಚಿತ್ರಕಥೆಯಲ್ಲಿ ಒಬ್ಬಳೇ. ಪ್ರೇಕ್ಷಕರಿಗೆ ಗೊಂದಲವಾಗಬಾರದೆಂದು ಇಬ್ಬರನ್ನೂ ಕಲಸಿಬಿಟ್ಟೆ ಎಂದು ಹೇಳಿಕೊಂಡು ಓಡಾಡಿದಳು. ಕಲಸಿದ ಮೇಲೆ ಉಳಿದದ್ದೆಲ್ಲ ದೊಡ್ಡಕ್ಕನೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಳು. ಒಂದೇ ಫಜೀತಿ: ಸಿನಿಮಾದ ಬಟ್ಟೆ ಹೊಲಿಯುವವಳು ಚಿಕ್ಕಕ್ಕ. ಅಳತೆಯ ಪಟ್ಟಿಯಲ್ಲಿ ಅಕ್ಕ ಒಬ್ಬಳೇ ಇದ್ದದ್ದನ್ನು ನೋಡಿದಳು, ಹೊಲಿಗೆ ಮೆಷಿನ್ನಿಗೆ ದಾರ ಪೋಣಿಸಿದಳು.

(೨ ಬೇಡ. ಸುಮ್ಮನೆ ಉದ್ದವಾಗುತ್ತದೆ.)

೩. ಶೂಟಿಂಗ್. ಅಕ್ಕನ ಹಳೇ ಫ್ರಾಕ್ ತಂಗಿಗೆ ಬರುವ ದೃಶ್ಯ. ಕ್ಯಾಮೆರಾ ಅಂಚಿನ ಹತ್ತಿರ ಹೋದರೆ, ಉದ್ದ ಕಡಿಮೆ ಮಾಡಲು ಹಾಕಿದ ಮಡಿಕೆ ಒಂದಲ್ಲ, ಎರಡು!

ನಿರ್ದೇಶಕಿ ಫ್ರಾಕ್ ಹಿಡಿದುಕೊಂಡು ಮೆಷಿನ್ನಿನ ಬಳಿ ಓಡಿದಳು. ಅಕ್ಕನಿಂದ ತಂಗಿಗೆ ಒಂದೇ ಮಡಿಕೆ ಸಾಕಲ್ಲ, ಇದೇನು ಹೆಚ್ಚಿಗೆ ಎಂದು ಕೇಳಿದಳು.

ಚಿಕ್ಕಕ್ಕ ತುಟಿಯಲ್ಲಿದ್ದ ಗುಂಡುಸೂಜಿ ತೆಗೆದಳು. "ದೊಡ್ಡಕ್ಕಂದು ನನಗೆ ಬಂದಾಗ ಒಂದು. ನಂದು ನಿನಗೆ ಬಂದಾಗ ಇನ್ನೊಂದು. ನಾನಿಲ್ದಿದ್ರೂ ನನ್ನ ಮಡಿಕೆಯಾದ್ರೂ ಸಿನಿಮಾದಲ್ಲಿ ಇರ್ಲಿ ಅಂದ್ಕೊಂಡೆ." ಕತ್ತರಿಯನ್ನು ಮುಂದಕ್ಕೆ ತಳ್ಳಿದಳು. "ಬೇಡ ಅಂದ್ರೆ ಬಿಚ್ಚು. ನಂದು ಯಾವ್ದು ಅಂತ ನೆನಪಿದ್ರೆ."

ಮೇಲಿನದೋ, ಕೆಳಗಿನದೋ? ಬಾಲ್ಯವನ್ನೇ ಅರೆದು ಕುಡಿದವಳಂತೆ ನೂರು ಪುಟ ಬರೆದವಳಿಗೆ ನೆನಪಾಗಲಿಲ್ಲ. ಬಹಳ ನಾಚಿಕೆಯಾಯಿತು.

೪. ಮುಕ್ತಾಯ (ಅ): ಕತ್ತರಿ ಬಿಸಾಡಿ ಅಕ್ಕನನ್ನು ತಬ್ಬಿಕೊಂಡಳು. (ಥೂ, ಇದು ಟೀವಿ ಧಾರಾವಾಹಿ.)

ಮುಕ್ತಾಯ (ಆ): ಚಿತ್ರಕಥೆ ಹರಿದು ಹೊಸದು ಬರೆದಳು, ನಿರ್ಮಾಪಕ ಎದೆ ಹಿಡಿದುಕೊಂಡು ಕೂತ. (ಪಾಪ, ಅವನೇನು ಮಾಡಿದ್ದ?)

ಯಾವುದು ಬೇಕೋ ಆರಿಸಿಕೊಳ್ಳಮ್ಮಾ ಎಂದು ಚಿಕ್ಕಕ್ಕನನ್ನೇ ಕೇಳಿದೆ. ಆಕೆ ನನ್ನ ಹಾಳೆಗಳನ್ನು ನಿಧಾನವಾಗಿ ತಿರುವಿ ಹಾಕಿದಳು.

"ಅವಳನ್ನ ಬಿಡಿ ಕಥೆಗಾರ್ರೇ. ನೀವೂ ಒಂದಾದ ಮೇಲೆ ಮೂರು ಬರ್ದಿದೀರಲ್ಲ, ಎರಡೆಲ್ಲಿ?"

ಸಿಕ್ಕಿಬಿದ್ದೆ. ನಾನೂ ಅದೇ ಬೆಕ್ಕು. ಕುರ್ಚಿ, ಪೆನ್ನು ಎರಡನ್ನೂ ಬಿಟ್ಟುಕೊಟ್ಟೆ. ನಿರ್ದೇಶಕಿ ಕತ್ತರಿ ಹಿಡಿದುಕೊಂಡೇ ಪಕ್ಕದಲ್ಲಿ ನಿಂತು ಓದುತ್ತಿದ್ದಾಳೆ.

೨. ಮೇಲಿನ ಮಡಿಕೆ ನಂದು. ಆ ಫ್ರಾಕನ್ನ ಮೂರು ವರ್ಷ ಹಾಕ್ಕೊಂಡವಳು ನಾನು, ಮೊದಲನೇ ದಿನ...