ಜಮಾದಾರನ ಮೊದಲ ರೊಟ್ಟಿ

ಆಷಾಢದ ಕೊನೆಯ ಸೋಮವಾರ ನಮ್ಮ ನಾಯಿ ಅಯ್ಯನವರ ಜೋಳಿಗೆ ಹರಿಯಿತು. ಕಮಲಾಪುರದಲ್ಲಿ ಇಂಥ ಸುದ್ದಿಗೆ ಡಂಗುರ ಬೇಕಿಲ್ಲ. ಅಯ್ಯನವರು ನಮ್ಮ ಓಣಿ ದಾಟುವುದರೊಳಗೆ ಬಾವಿಕಟ್ಟೆಯಲ್ಲಿ ಹರಿದ ಜೋಳಿಗೆ ಹೋಗಿ ಹರಿದ ಕಾಲಾಗಿತ್ತು. ಎಲುಬಿಲ್ಲದ ನಾಲಿಗೆ ಅನ್ನುತ್ತಾರಲ್ಲ, ಅದು ನಮ್ಮ ಬಾವಿಕಟ್ಟೆಯವರನ್ನು ನೋಡಿಯೇ ಆಡಿದ ಮಾತಿರಬೇಕು.

ಅಯ್ಯನವರು ಜಂಗಮರು, ಪ್ರತಿ ಸೋಮವಾರ ಕಾಲಿಗೆ ಜಂಗು ಕಟ್ಟಿಕೊಂಡು ಝಣಝಣ ಸಪ್ಪಳ ಮಾಡುತ್ತ ಮನೆಮನೆಗೆ ಭಿಕ್ಷೆಗೆ ಬರುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ಎರಡು ಕಟ್ಟಳೆ. ಅವರ ಜೋಳಿಗೆಗೆ ರೊಟ್ಟಿ ಬೀಳುವತನಕ ಮನೆಯಲ್ಲಿ ಯಾರೂ ತುತ್ತು ಮುಟ್ಟುವಂತಿಲ್ಲ. ಅವರು ಬಾಗಿಲಲ್ಲಿ ನಿಂತಿರುವಾಗ ಯಾರೂ ಯಾರನ್ನೂ ಬೈಯುವಂತಿಲ್ಲ. ಮೊದಲನೆಯದನ್ನು ನಾನು ಹೇಗೋ ಪಾಲಿಸುತ್ತಿದ್ದೆ. ಎರಡನೆಯದು ನನ್ನಂಥವಳಿಗೆ ಉಪವಾಸಕ್ಕಿಂತ ಕಷ್ಟ.

ನಾಯಿಯ ಹೆಸರು ಜಮಾದಾರ. ಬಾಳೆತೋಟದಲ್ಲಿ ಮೀಸೆ ತಿರುವಿದಂತೆ ಬಾಲ ತಿರುವಿಕೊಂಡು ಗಸ್ತು ಹೊಡೆಯುತ್ತಿತ್ತೆಂದು ನಾನೇ ಇಟ್ಟ ಹೆಸರು. ಒಮ್ಮೆ ಊರಿಗೆ ಬಂದಿದ್ದ ನಿಜವಾದ ಜಮಾದಾರರ ಎದುರಿಗೇ ನಾನು ಅದನ್ನು ಹೆಸರು ಹಿಡಿದು ಬೈದೆ. ಒಂದು ಗೊನೆ ಕೆಂಪು ಬಾಳೆಹಣ್ಣು ಕಳಿಸಿದ ಮೇಲೆ ಅವರು ಸಮಾಧಾನವಾದರು.

ಗಂಡನ ಹೆಸರು ಹೇಳಬಾರದು, ಆದರೆ ಹೇಳದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಅಣವೀರಪ್ಪ. ಮನುಷ್ಯ ಒಳ್ಳೆಯವರು, ದನಿ ಮಾತ್ರ ದೊಡ್ಡದು. ಊಟಕ್ಕೆ ಕೂತು "ರೊಟ್ಟಿ!" ಎಂದು ಕೂಗಿದರೆ ತೋಟದ ಆಚೆ ದಂಡೆಗೂ ಕೇಳಬೇಕು. ನಾನು ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು. ಮದುವೆಯಾಗಿ ಒಂಬತ್ತು ವರ್ಷ ಓಡಿದ್ದೆ.

ಜೋಳಿಗೆ ಹರಿದ ದಿನ ಅವರು ಕೂಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಒಂದು ಜಾಲಿಯ ಗೂಟ ಕೆತ್ತಿ ತಂದು ಬಾಗಿಲ ಪಕ್ಕ ಒರಗಿಸಿದರು.

"ಮುಂದಿನ ಸೋಮವಾರ ಅಯ್ನೋರು ಬರಂಗಿಲ್ಲ, ಜೋಳಿಗಿ ಹೊಲಸ್ಬೇಕು ಅಂದಾರ. ಅದರ ಮುಂದಿನ ಸೋಮವಾರ ಬರ್ತಾರ. ಅವತ್ತು ಇದು ಬಾಯಿ ತೆಗೀತಂದ್ರ ಈ ಗೂಟ ಒಯ್ದು ಮಹಾಗಾಂವದ ಹೊಲದಾಗ ಬಡಿದು ಇದನ್ನ ಕಟ್ತೀನಿ. ಅಲ್ಲೇ ಬಿದ್ದಿರ್ಲಿ," ಎಂದರು.

ಮಹಾಗಾಂವದ ಹೊಲದಲ್ಲಿ ಬಿತ್ತನೆ ಮುಗಿದ ಮೇಲೆ ಮನುಷ್ಯರ ಮುಖ ಕಾಣುವುದಿಲ್ಲ. ಮೂರು ವರ್ಷದ ಹಿಂದೆ ಮಾನ್‌ಮೋಡಿ ಜ್ವರ ಬಂದು ಊರಿಗೆ ಊರೇ ಮಲಗಿದಾಗ, ನನಗೂ ತಗುಲಿತೆಂದು ನನ್ನನ್ನು ತೋಟದ ಗುಡಿಸಲಲ್ಲಿ ಇಟ್ಟಿದ್ದರು. ಗಂಜಿಯ ಗಡಿಗೆಯನ್ನು ಬೇಲಿಯ ಹತ್ತಿರ ಇಟ್ಟು ಹೋಗುತ್ತಿದ್ದರು. ಅವರದೇನೂ ತಪ್ಪಿಲ್ಲ, ಎಲ್ಲರ ಮನೆಯಲ್ಲೂ ಹಾಗೇ. ಆದರೆ ಹನ್ನೊಂದು ದಿನ ನನ್ನ ಕಾಲ ಹತ್ತಿರ ಮಲಗಿದ್ದು ಜಮಾದಾರ ಒಂದೇ. ಅದನ್ನು ಗೂಟಕ್ಕೆ ಕೊಟ್ಟು ನಾನು ಮನೆಯಲ್ಲಿ ಬಿಸಿ ರೊಟ್ಟಿ ತಿನ್ನಲಾರೆ.

ಬುಧವಾರ ನನ್ನ ತಮ್ಮ ನೀಲಕಂಠ ಪಂಚಮಿಗೆ ಕರೆಯಲು ಕಲಬುರಗಿಯಿಂದ ಬಂಡಿ ಕಟ್ಟಿಕೊಂಡು ಬಂದ. ಬ್ರಹ್ಮಪುರದಲ್ಲಿ ಅವನದು ತೊಗರಿಬೇಳೆಯ ಅಂಗಡಿ. ಅವನಿಗೆ ಗೂಟದ ವಿಷಯ ಹೇಳಿಕೊಂಡು ಅತ್ತೆ.

"ಅಳಬ್ಯಾಡ ಅಕ್ಕಾ. ಕಿಲ್ಲೇದ ಹಂತೇಲಿ ಮಲಂಗಸಾಬ ಅಂತ ಒಬ್ಬರು ಇದ್ದಾರ. ಹೈದರಾಬಾದದಾಗ ಸಾಹೇಬರ ಶಿಕಾರಿ ನಾಯಿ ತಯಾರ ಮಾಡ್ತಿದ್ದರಂತ. ಈಗ ವಕೀಲರ ನಾಯಿಗೆಲ್ಲಾ ಅವರೇ ಕಲಸ್ತಾರ. ನಡಿ, ಇದನ್ನೂ ಬಂಡಿಗೆ ಹತ್ತಸು."

ಬಾವಿಕಟ್ಟೆಯ ಮುಂದೆ ಬಂಡಿ ಹೋಗುವಾಗ ಯಾರೋ ಅಂದರು, "ಪಂಚಮಿಗೆ ಹೆಣ್ಣಮಕ್ಕಳು ತವರಿಗೆ ಹೋಗೂದು ನೋಡೀವಿ, ನಾಯಿ ಹೋಗೂದು ಈಗೇ ನೋಡ್ಲತ್ತೀವಿ." ನಾನು ಸೆರಗು ಮುಂದಕ್ಕೆಳೆದುಕೊಂಡು, "ನಿಮ್ಮನ್ನ ಕರೆಯಾಕ ಯಾರೂ ಬರ್ಲಿಲ್ಲಂತ ನಾಯಿ ಮ್ಯಾಲ ಯಾಕ ಸಿಟ್ಟು," ಎಂದೆ. ಮಾತು ಬಾಕಿ ಇಟ್ಟು ನನಗೆ ಅಭ್ಯಾಸವಿಲ್ಲ.

ಮಲಂಗಸಾಬರದು ಕೋಟೆಯ ಕಂದಕದ ಪಕ್ಕದಲ್ಲಿ ಹೆಂಚಿನ ಮನೆ, ಮುಂದೆ ಬಯಲು. ಮದರಂಗಿ ಹಚ್ಚಿದ ಗಡ್ಡ, ಕೈಯಲ್ಲಿ ಬೇವಿನ ಕಡ್ಡಿ. ಆ ಕಡ್ಡಿಯಿಂದ ಅವರು ಹಲ್ಲು ತಿಕ್ಕಿದ್ದನ್ನು ಬಿಟ್ಟರೆ ಬೇರೇನೂ ಮಾಡಿದ್ದನ್ನು ನಾನು ಕಾಣಲಿಲ್ಲ. ನಾನು ತಂದ ಕೆಂಪು ಬಾಳೆಹಣ್ಣಿನ ಗೊನೆಯನ್ನು ಒಳಗೆ ಕಳಿಸಿ, ನಾಯಿಯನ್ನು ಬಿಟ್ಟು ಕರೆಯಿರಿ ಎಂದರು.

ಬಿಟ್ಟೆ. ಜಮಾದಾರ ನೇರ ಕಂದಕದ ಕಡೆ ಹೋಯಿತು. ನಾನು ಕರೆದೆ. "ಬಾರೋ ಜಮಾದಾರ, ಬಾರಪ್ಪಾ, ಬಾ ಅಂದ್ರ ಕೇಳಂಗಿಲ್ಲೇನು, ನಿನಗ ಏನ್ ಕಡಿಮಿ ಮಾಡೀನಿ, ಬರ್ತೀಯೋ ಇಲ್ಲೋ, ಹೋಗು ಹಂಗಾದ್ರ ಅಲ್ಲೇ ಬೀಳು, ಬಾರೋ ನನ್ನ ಬಂಗಾರ."

ಮಲಂಗಸಾಬರು ಕಡ್ಡಿಯನ್ನು ಬಾಯಿಂದ ತೆಗೆದರು. "ಅಮ್ಮಾ, ಬಾ ಅಂದ್ರಿ, ಹೋಗು ಅಂದ್ರಿ, ಬೀಳು ಅಂದ್ರಿ, ಬಂಗಾರ ಅಂದ್ರಿ. ಆ ಬಿಚಾರಾ ಜಾನವರ ಯಾವ ಹುಕುಂ ಕೇಳಬೇಕು?"

ಅಷ್ಟರಲ್ಲಿ ಒಂದು ದೊಡ್ಡ ವಿಲಾಯತಿ ನಾಯಿ ವಕೀಲ ಶ್ರೀನಿವಾಸರಾಯರನ್ನು ಎಳೆದುಕೊಂಡು ಬಯಲಿಗೆ ಬಂತು. ವಕೀಲರು ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಅದರ ಹತ್ತಿರ ವಾದಿಸುತ್ತಿದ್ದರು. ಮಲಂಗಸಾಬರು ನಮ್ಮಿಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದರು. "ಮೊದಲ ಮೂರ್ ದಿನ ನಾಯಿಗೆ ಛುಟ್ಟಿ. ತಾಲೀಮು ನಿಮಗ. ಒಂದು ಮಾತು, ಒಂದೇ ಸಲ. ಆಮ್ಯಾಲ ಬಾಯಿ ಬಂದ."

ವಕೀಲರು, "ಸಾಬರೇ, ಮಾತಾಡೂದೇ ನನ್ನ ಉದ್ಯೋಗ," ಎಂದರು.

"ಕಚೇರಿಯಾಗ ಆಡ್ರಿ. ಅಲ್ಲಿ ಕೇಳಾಕ ಮುನಸೀಫ ಸಾಹೇಬರಿಗೆ ಪಗಾರ ಕೊಡ್ತಾರ."

ಮೂರು ದಿನ ನಾನು ಅನುಭವಿಸಿದ್ದು ನನ್ನ ವೈರಿಗೂ ಬೇಡ. "ಕುಂದ್ರು" ಎಂದು ಒಂದು ಸಲ ಹೇಳಬೇಕು, ಸುಮ್ಮನಿರಬೇಕು. ಮಾತು ಗಂಟಲಿಗೆ ಬಂದು ನಿಲ್ಲುತ್ತಿತ್ತು. ನುಂಗಿದರೆ ಕೆಮ್ಮು. ಆದರೆ ಮೂರನೆಯ ದಿನ ನಾನು ಒಂದು ಸಲ "ಕುಂದ್ರು" ಎಂದು ಸುಮ್ಮನಾದಾಗ ಜಮಾದಾರ ನನ್ನ ಮುಖವನ್ನೇ ನೋಡಿತು. ಇನ್ನೇನೂ ಬರಲಿಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಕೂತಿತು. ಪಕ್ಕದಲ್ಲಿ ವಕೀಲರ ನಾಯಿಯೂ ಕೂತಿತು. ಅದಕ್ಕೆ ಹೇಳಿದ್ದು ವಕೀಲರಲ್ಲ, ನಾನು.

ನಾಲ್ಕನೆಯ ದಿನ ಮಲಂಗಸಾಬರು ಅಸಲು ಮಾತಿಗೆ ಬಂದರು. "ಆ ಸ್ವಾಮಿಗಳು ಬಂದಾಗ ಇದು ಬೊಗಳ್ತದ. ಆಗ ನೀವು ಏನ್ ಮಾಡ್ತೀರಿ?"

ನಾನು ನೀಲಕಂಠನ ಮುಖ ನೋಡಿದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. "ಅಯ್ನೋರ ಮುಂದ ಬೈಯೂ ಹಂಗಿಲ್ರಿ. ಹೊಡಿಯೂ ಹಂಗಿಲ್ಲ. ಅದಕ್ಕ..."

"ಅದಕ್ಕ?"

"ಬಾಯಿ ಮುಚ್ಲಿ ಅಂತ ಒಂದು ರೊಟ್ಟಿ ಒಗಿತೀನ್ರಿ. ತುಪ್ಪ ಸವರಿ."

ನೀಲಕಂಠ ಹೌಹಾರಿದ. "ಅಕ್ಕಾ, ಅಯ್ನೋರಿಗಿಂತ ಮೊದಲ?"

ಹೌದು, ಅಯ್ಯನವರಿಗಿಂತ ಮೊದಲು. ಅತ್ತೆ ನಸುಕಿನಲ್ಲಿ ಮಡಿಯಿಂದ ಬಡಿದ ರೊಟ್ಟಿಗಳಲ್ಲಿ ಮೊದಲನೆಯದು ಪ್ರತಿ ಸೋಮವಾರ ನಾಯಿಯ ಹೊಟ್ಟೆಗೆ ಹೋಗುತ್ತಿತ್ತು. ಕಟ್ಟಳೆ ಮುರಿಯಬಾರದೆಂದು ಹೋಗಿ ಕಟ್ಟಳೆಯನ್ನೇ ನಾಯಿಗೆ ಹಾಕಿದ್ದೆ. ಅತ್ತೆಗೆ ತಿಳಿದರೆ ನಾಯಿಯ ಜೊತೆ ನನಗೂ ಒಂದು ಗೂಟ ಕೆತ್ತಿಸುವರೆಂದು ಎರಡು ವರ್ಷದಿಂದ ಹೆದರಿ ಬದುಕಿದ್ದೆ.

ಮಲಂಗಸಾಬರು ನಕ್ಕು ನಕ್ಕು ಗಡ್ಡ ಒರೆಸಿಕೊಂಡರು. "ನಿಮ್ಮ ನಾಯಿ ಪುಂಡ ಅಲ್ಲಮ್ಮಾ, ಇಮಾನದಾರ ನೌಕರ. ಗಂಟಿ ಕೇಳಿದ ಕೂಡ್ಲೇ ಬೊಗಳ್ತದ, ನೀವು ತುಪ್ಪದ ಪಗಾರ ಕೊಡ್ತೀರಿ. ಹೋದ ಸೋಮವಾರ ಪಗಾರ ತಡ ಆಗಿರಬೇಕು, ಅದಕ್ಕ ಜೋಳಿಗಿಗೆ ಬಾಯಿ ಹಾಕ್ಯದ."

ಹೌದು, ಆ ದಿನ ತುಪ್ಪದ ಗಿಂಡಿ ಕೈಗೆ ಸಿಕ್ಕಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಎರಡು ವರ್ಷ ಬೈದದ್ದು ನಾಯಿಯನ್ನು, ಕಲಿಸಿದ್ದು ನಾನು.

ಒಳಗಿನ ಪರದೆಯ ಹಿಂದಿನಿಂದ ಮಲಂಗಸಾಬರ ಹೆಂಡತಿ ಮೆಹರುನ್ನಿಸಾ ನನ್ನನ್ನು ಕರೆದರು. ತುಂಬು ಮೈಯ ಹೆಂಗಸು, ನನ್ನ ಬಾಳೆಹಣ್ಣನ್ನೇ ಸುಲಿಯುತ್ತ ಕೂತಿದ್ದರು. "ಇವರಿಗೆ ಈ ಇಲ್ಮು ಯಾರು ಕಲಿಸಿದ್ದು ಅಂತ ಕೇಳು ಬೇಟಿ. ಲಗ್ನ ಆದ ಹೊಸದಾಗ ಊಟಕ್ಕ ಕೂತು ಕೂಗ್ತಿದ್ದರು. ಕೂಗಿದ್ರ ನಾನು ಬೆನ್ನು ತಿರುಗಿಸಿ ಕೂಡ್ತಿದ್ದೆ. ಮೆಲ್ಲಗ ಕೇಳಿದ್ರ ಬಿಸಿ ರೊಟ್ಟಿ. ಆಮ್ಯಾಲ ಅದನ್ನ ನಾಯಿ ಮ್ಯಾಲ ನಡೆಸ್ಯಾರ." ಹೊರಗೆ ಮಲಂಗಸಾಬರು ಒಂದು ಸಲ ಕೆಮ್ಮಿದರು, ಇಲ್ಲವೆನ್ನಲಿಲ್ಲ.

ಪಂಚಮಿಯ ದಿನ ಓಣಿಯ ಹುಡುಗಿಯರೆಲ್ಲ ಜೋಕಾಲಿ ಜೀಕುವಾಗ ನಾನು ಬಯಲಲ್ಲಿದ್ದೆ. ನೀಲಕಂಠ ಎತ್ತಿನ ಗೆಜ್ಜೆಯನ್ನು ಕಾಲಿಗೆ ಕಟ್ಟಿಕೊಂಡು, ಹೆಗಲಿಗೆ ಬೇಳೆಯ ಚೀಲ ಹಾಕಿ, ಅಯ್ಯನವರಾಗಿ ಝಣಝಣ ಬರುತ್ತಿದ್ದ. ಜಮಾದಾರ ಬೊಗಳಿದರೆ ನಾವೆಲ್ಲ ಬೆನ್ನು ತಿರುಗಿಸುವುದು. ಸುಮ್ಮನಾದರೆ, ಅವನ ಚೀಲಕ್ಕೆ ರೊಟ್ಟಿ ಬಿದ್ದ ಮೇಲೆ, ಅದಕ್ಕೊಂದು ತುಂಡು. ಮೊದಲ ದಿನ ಬೊಗಳಿ ಬೊಗಳಿ ಅದರ ದನಿ ಬಿತ್ತು. ಎರಡನೆಯ ದಿನ ನಡುವೆ ನಿಲ್ಲಿಸಿ ನಮ್ಮ ಬೆನ್ನುಗಳನ್ನು ನೋಡಿತು. ನಾವು ಹೊರಡುವ ಹಿಂದಿನ ದಿನ ನೀಲಕಂಠ ಮೂರು ಸಲ ಬಂದು ಹೋದ, ಜಮಾದಾರ ಮೂರು ಸಲವೂ ಕೂತೇ ಇತ್ತು. ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಖರೇ ಅಯ್ಯನವರೆಂದು ನನ್ನ ತಮ್ಮನಿಗೆ ಕೈಮುಗಿದಳು.

"ಇಲ್ಲಿ ಆಯ್ತು. ಆದರ ಮನಿಯಾಗ ಇದಕ್ಕ ಹಳೇ ಚಟ ನೆನಪಾಗ್ತದ. ಒಬ್ಬರೇ ಒಬ್ಬರು ರೊಟ್ಟಿ ಒಗದ್ರೂ ಎಲ್ಲಾ ಮಾಡಿದ್ದು ಮಣ್ಣಾಗ್ತದ, ಖಬರ್ದಾರ," ಎಂದರು ಮಲಂಗಸಾಬರು.

ನಾವು ಕಮಲಾಪುರಕ್ಕೆ ಮರಳಿದ ಮೇಲೆ, ಆ ಸೋಮವಾರವೂ ಗೂಟ ಬಾಗಿಲ ಪಕ್ಕದಲ್ಲೇ ಇತ್ತು. ಎದುರುಮನೆಯ ಕಟ್ಟೆಯ ಮೇಲೆ ಬಾವಿಕಟ್ಟೆಯ ಮಂದಿ ಜೋಳ ಹಸನು ಮಾಡುವ ನೆಪದಲ್ಲಿ ಕೂತಿದ್ದರು. ಓಣಿಯ ತಿರುವಿನಲ್ಲಿ ಜಂಗಿನ ಸಪ್ಪಳ ಕೇಳಿತು. ಜಮಾದಾರನ ಕಿವಿ ನಿಂತವು.

"ಕುಂದ್ರು," ಎಂದೆ, ಒಂದೇ ಸಲ.

ಕೂತಿತು. ಅಯ್ಯನವರು ಹೊಸ ಜೋಳಿಗೆಯನ್ನು ಎರಡೂ ಕೈಯಿಂದ ಅವುಚಿಕೊಂಡು ಮೆಲ್ಲಗೆ ಅಂಗಳಕ್ಕೆ ಬಂದರು. ಆಗ ಒಳಗಿನಿಂದ ನಮ್ಮ ಮನೆಯವರು ಗುಡುಗಿದರು. "ಹಿಡಿ ಅದನ್ನ! ಹಗ್ಗ ಎಲ್ಲದ?" ಜಮಾದಾರ ಅರ್ಧ ಎದ್ದಿತು. ನನ್ನ ಗಂಟಲಿಗೆ ಹತ್ತು ಮಾತು ಬಂದವು, ಹತ್ತನ್ನೂ ನುಂಗಿದೆ. ಅದು ನನ್ನ ಮುಖ ನೋಡಿತು. ಮತ್ತೆ ಕೂತಿತು.

ಅದೇ ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ಒಂದು ರೊಟ್ಟಿ ಹಾರಿ ಬಂದು ಜಮಾದಾರನ ಮುಂಗಾಲ ಹತ್ತಿರ ಬಿತ್ತು. ತುಪ್ಪ ಸವರಿದ ರೊಟ್ಟಿ. ಕಿಟಕಿಯಲ್ಲಿ ನನ್ನ ಅತ್ತೆ ಶಂಕ್ರಮ್ಮನವರ ಮುಖ. ಕೈ ಇನ್ನೂ ಒಗೆದಂತೆಯೇ ಇತ್ತು.

ಅಯ್ಯೋ ಶಿವನೇ, ಅತ್ತೆಯೂ. ನಾನು ಹೆದರಿ ಬದುಕಿದ ಎರಡು ವರ್ಷ ನೆನಪಾಗಿ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಂತೂ ಜಮಾದಾರನಿಗೆ ಎರಡು ಕಡೆಯಿಂದ ಪಗಾರ ಬರುತ್ತಿತ್ತು.

ರೊಟ್ಟಿ ಮೂಗಿನ ಮುಂದೆ, ಜಂಗಿನ ಸಪ್ಪಳ ಕಿವಿಯಲ್ಲಿ. ಜಮಾದಾರನ ಮೈ ನಡುಗಿತು, ಜೊಲ್ಲು ನೆಲಕ್ಕೆ ಇಳಿಯಿತು. ಬಾಯಿ ತೆಗೆಯಲಿಲ್ಲ, ಬೊಗಳುವುದಕ್ಕೂ ಇಲ್ಲ, ತಿನ್ನುವುದಕ್ಕೂ ಇಲ್ಲ. ನಾನು ಹೋಗಿ ಜೋಳಿಗೆಗೆ ರೊಟ್ಟಿ ಹಾಕಿ ಶರಣು ಮಾಡಿದೆ. ಅಯ್ಯನವರು ನಾಯಿಯನ್ನೇ ನೋಡುತ್ತ ನಿಂತರು.

"ಯವ್ವಾ, ಇದಕ್ಕೂ ಸೋಮವಾರ ಉಪವಾಸ ಏನು?"

"ಇಲ್ರಿ ಅಪ್ಪಾರ. ನಿಮ್ಮದು ಆದ ಮ್ಯಾಲ ಅದರದು."

"ನಂದು ಆಯ್ತಲ್ಲವ್ವಾ. ಕೊಡು, ಪಾಪ."

"ತಗೋ," ಎಂದೆ. ರೊಟ್ಟಿ ಎರಡೇ ತುತ್ತಿಗೆ ಮಾಯವಾಯಿತು. ನನ್ನ ಕಣ್ಣು ತುಂಬಿ ಬಂದವು. ಗುಡಿಸಲಿನ ಹನ್ನೊಂದು ದಿನದ ಋಣ ಆ ಅಂಗಳದಲ್ಲಿ ಇಷ್ಟಾದರೂ ತೀರಿತೆಂದು ನನಗೆ ಅನ್ನಿಸಿತು. ಎದುರುಮನೆಯ ಕಟ್ಟೆಯವರು ಜೋಳದ ಮೊರ ಹೊತ್ತುಕೊಂಡು ತಂತಮ್ಮ ಮನೆಗೆ ಹೋದರು.

ಊಟಕ್ಕೆ ಕೂತಾಗ ನಮ್ಮ ಮನೆಯವರು ಗೂಟದ ಮಾತು ತೆಗೆಯಲಿಲ್ಲ. ಮೊದಲನೆಯ ರೊಟ್ಟಿ ಮುಗಿಸಿ, ಎಂದಿನಂತೆ, "ರೊಟ್ಟಿ!" ಎಂದು ಕೂಗಿದರು.

ನಾನು ಎದ್ದವಳು ಹಾಗೇ ಕೂತೆ. ಆಮೇಲೆ ಮೆಲ್ಲಗೆ ಬೆನ್ನು ತಿರುಗಿಸಿದೆ. ಅತ್ತೆಯ ಕೈಯಲ್ಲಿನ ಹಿಟ್ಟು ಅಲ್ಲೇ ನಿಂತಿತು. ಹೊಸ್ತಿಲ ಆಚೆ ಜಮಾದಾರ ಒಳಗಿನ ನಮ್ಮೆಲ್ಲರನ್ನೂ ನೋಡುತ್ತ ಕೂತಿತ್ತು. ನನ್ನ ಬೆನ್ನು ಅದಕ್ಕೆ ಚೆನ್ನಾಗಿ ಗೊತ್ತು. ಮನೆಯವರು ಇನ್ನೊಮ್ಮೆ ಕೂಗಲು ಬಾಯಿ ತೆಗೆದದ್ದು ಉಸಿರಿನಲ್ಲೇ ತಿಳಿಯಿತು. ಅವರು ನಾಯಿಯ ಕಡೆ ನೋಡಿರಬೇಕು. ಬಾಯಿ ಮುಚ್ಚಿದರು.

ತಟ್ಟೆ ಸರಿಸಿದ ಸಪ್ಪಳವಾಯಿತು. "ಶಿವಕಾಂತಾ, ಒಂದು ರೊಟ್ಟಿ ಕೊಡ್ತೀಯೇನು?" ಎಂದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಹೆಸರು ಅವರ ಬಾಯಲ್ಲಿ ಇಷ್ಟು ಮೆಲ್ಲಗೆ ಕೇಳಿದ್ದೆ. ಎರಡು ರೊಟ್ಟಿ ಹಾಕಿ ಮೇಲೆ ತುಪ್ಪ ಸುರಿದೆ.

"ಆ ಗೂಟ ಹೊಸ ಕರಾ ಕಟ್ಟಾಕ ಆಗ್ತದ," ಎಂದರು ಅವರು ತಟ್ಟೆ ನೋಡುತ್ತಲೇ.

ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ಮುಂದಿನ ಪಂಚಮಿಗೆ ಹೋದಾಗ ಆ ಸಾಬರಿಗೆ ಎರಡು ಗೊನಿ ಒಯ್ಯಿ," ಎಂದರು.