ಬಾಗಿಲಿಗೆ ಕಟ್ಟಿದ ಮೇಜುಬಟ್ಟೆ

ಚುನಾವಣೆಯ ದಿನ ಬೆಳಗ್ಗೆ ಎಲ್ರಾಯ್ ಬ್ರೆಕಿಯವರ ಫೋನ್ ಬಂದಾಗ, 'ನನ್ನ ಗಾಡಿಯೂ ಕೆಟ್ಟಿದೆ' ಎಂದುಬಿಡುವ ಆಸೆ ಆರ್ಡಿಸ್ ಹೌಗನ್‌ಗೆ ಒಂದು ಗಳಿಗೆ ಬಂದದ್ದು ನಿಜ.

"ನನ್ನ ಗಾಡಿ ಸ್ಟಾರ್ಟ್ ಆಗ್ತಿಲ್ಲ," ಎಂದರು ಪಕ್ಕದ ತೋಟದಮನೆಯ ಆ ಮುದುಕರು. "ಓಟು ಹಾಕೋಕೆ ಕರ್ಕೊಂಡು ಹೋಗ್ತೀಯಾ? ಓಟು ಮಾತ್ರ ಕರ್ಟಿಸ್‌ಗೆ. ಮೊದಲೇ ಹೇಳಿದೀನಿ, ಆಮೇಲೆ ಬೈಬೇಡ."

"ಬೈಯಲ್ಲ. ಉಣ್ಣೆ ಟೋಪಿ ಹಾಕ್ಕೊಂಡು ಕೂತಿರಿ, ಬಂದೆ."

ಮಿನೆಸೋಟಾದ ಆ ಪುಟ್ಟ ಊರಿನ ಆಡಳಿತ ಮಂಡಳಿಯಲ್ಲಿ ಖಾಲಿಯಿದ್ದದ್ದು ಒಂದೇ ಸ್ಥಾನ. ನಿಂತವರು ಇಬ್ಬರು. ಕರ್ಟಿಸ್ ನಾರ್ಬಿಗೆ ಊರಿಗೊಂದು ಹೊಸ ಹಿಮ ತೆಗೆಯುವ ಯಂತ್ರ ಬೇಕಿತ್ತು, ಅದನ್ನು ನಿಲ್ಲಿಸಲು ಸಭಾಭವನಕ್ಕೆ ಅಂಟಿಕೊಂಡ ವಾಚನಾಲಯದ ಕೋಣೆ ಬೇಕಿತ್ತು. ಆ ವಾಚನಾಲಯವನ್ನು ಸಂಬಳವಿಲ್ಲದೆ ನಡೆಸಿಕೊಂಡು ಬಂದವಳು ಆರ್ಡಿಸ್. ತಾನು ಗೆಲ್ಲದಿದ್ದರೆ ಅದು ಉಳಿಯುವುದಿಲ್ಲವೆಂದು, ಸಂಕೋಚ ಬಿಟ್ಟು ಮನೆಮನೆಯ ಬಾಗಿಲು ತಟ್ಟಿದ್ದಳು. ಎಲ್ರಾಯ್ ಅವಳಿಗೆ ಕಾಫಿ ಕೊಟ್ಟು, ಕೈಗೆ ಬಿಸ್ಕತ್ತನ್ನೂ ಕಟ್ಟಿಕೊಟ್ಟು, "ಹಿಮ ತೆಗೆಯೋರು ನನ್ನ ದಾರಿಗೆ ಬರೋದೇ ಕಟ್ಟಕಡೇಗೆ. ನಂಗೆ ಪುಸ್ತಕಕ್ಕಿಂತ ಯಂತ್ರ ಮುಖ್ಯ ಕಣಮ್ಮ," ಎಂದು ಕಳಿಸಿದ್ದರು.

ಸಭಾಭವನದ ಗೇಟಿನಲ್ಲಿ ಮತಗಟ್ಟೆಯ ಅಧಿಕಾರಿ ಡೆಲೋರಿಸ್ ಕೈ ಅಡ್ಡ ಹಿಡಿದಳು.

"ಆರ್ಡಿಸ್, ಗಾಡಿ ಬಾಗಿಲು ನೋಡ್ಕೊಂಡ್ಯಾ?"

ಎರಡೂ ಬಾಗಿಲ ಮೇಲೆ ಆರ್ಡಿಸ್‌ಳ ತಂಗಿಯ ಮಗಳು ಗೇಣುದ್ದದ ಕೆಂಪು ಅಕ್ಷರದಲ್ಲಿ 'ನಿಮ್ಮ ಓಟು ಆರ್ಡಿಸ್‌ಗೆ' ಎಂದು ಬರೆದಿದ್ದಳು. ಪ್ರಚಾರದ ಯಾವ ಬರಹವೂ ಮತಗಟ್ಟೆಯ ನೂರಡಿಯೊಳಗೆ ಬರುವಂತಿಲ್ಲ.

"ಎಲ್ರಾಯ್ ಈ ಮಂಜುಗಡ್ಡೆ ಮೇಲೆ ನಡೀಲಾರರು," ಎಂದಳು ಆರ್ಡಿಸ್.

"ನಡೆಯೋದು ಬೇಡ, ಮತಪತ್ರ ಗಾಡಿಗೇ ತಂದ್ಕೊಡ್ತೀವಿ. ಆದ್ರೆ ಗಾಡಿ ಕಟ್ಟಡದ ಹತ್ರ ಬರ್ಬೇಕು. ಈ ಅಕ್ಷರ ಬರೋ ಹಾಗಿಲ್ಲ."

"ಬಾಗಿಲಿಗೆ ನನ್ನ ಕೋಟು ಹೊದಿಸು," ಎಂದರು ಎಲ್ರಾಯ್.

"ಆಮೇಲೆ ಚಳಿಗೆ ಹೆಪ್ಪುಗಟ್ಟಿದ ನಿಮ್ಮನ್ನ ಕರಗಿಸೋದು ಯಾರು?" ಎಂದಳು ಆರ್ಡಿಸ್.

ಗೇಟಿನಾಚೆ ಚರ್ಚಿನ ಹೆಂಗಸರು ಕೇಕು ಮಾರುತ್ತಿದ್ದರು. ಅಲ್ಲಿ ಕಾಫಿ ಕುಡಿಯುತ್ತ ನಿಂತಿದ್ದ ಕರ್ಟಿಸ್ ಇದನ್ನೆಲ್ಲ ಕೇಳಿಸಿಕೊಂಡ. "ತಾಯಂದಿರಾ, ಕೇಕು ಸ್ವಲ್ಪ ಎತ್ಕೊಳ್ಳಿ," ಎಂದು ಎರಡು ಮೇಜುಬಟ್ಟೆ ಎಳೆದು ತಂದ. ಕೈಗವಸು ಕಳಚಿಟ್ಟು, ಬರಿಗೈ ಕೆಂಪಾಗುತ್ತಿದ್ದರೂ ಕೇಕಿನ ಡಬ್ಬಿಯ ದಾರದಿಂದ ಅವನ್ನು ಹಿಡಿಕೆಗೂ ಕನ್ನಡಿಗೂ ಬಿಗಿದ. ಕೆಂಪು ಅಕ್ಷರಗಳು ನೀಲಿ ಹೂಗಳ ಕೆಳಗೆ ಅಡಗಿದವು.

"ನಿನಗೆ ಬರೋ ಓಟನ್ನ ನಾನು ತಪ್ಪಿಸಿದೆ ಅಂತ ಆಗ್ಬಾರ್ದು," ಎಂದ.

ಆರ್ಡಿಸ್ ಬಾಯಿ ತೆರೆದಳು. ಎಲ್ರಾಯ್ ಕೆಮ್ಮಿದರು. ಯಾರಿಗೆ ಓಟು ಎನ್ನುವುದು ಅವರ ಗುಟ್ಟು, ತಾನು ಹೇಳುವಂಥದ್ದಲ್ಲ ಎಂದು ಅವಳು ಸುಮ್ಮನೆ ಗೇರು ಬದಲಿಸಿದಳು. ಕಟ್ಟಡದ ಬಳಿ ಗಾಡಿಯಲ್ಲೇ ಕೂತು ಅವರು ಮತಪತ್ರ ತುಂಬುವಾಗ ಇಳಿದು ಬೆನ್ನು ತಿರುಗಿಸಿ ನಿಂತಳು. ಬಳಿಕ ತಾನೂ ಒಳಗೆ ಹೋಗಿ ಓಟು ಹಾಕಿದಳು.

ಸಂಜೆ ಎಣಿಸಿದರೆ ಇಬ್ಬರಿಗೂ ಸಮ. ಮತ್ತೆ ಎಣಿಸಿದರು, ಆಗಲೂ ಸಮ. ಹಾಗಾದಾಗ ಚೀಟಿ ಎತ್ತುವುದು ಅಲ್ಲಿಯ ಕಾನೂನು.

ಮರುದಿನ ಎಲ್ಲರೂ ಸಭಾಭವನದಲ್ಲಿ ಸೇರಿದರು. ನೋಡಲೇಬೇಕೆಂದು ಹಟ ಹಿಡಿದ ಎಲ್ರಾಯ್‌ರನ್ನೂ ಆರ್ಡಿಸ್ ಕರೆತಂದಿದ್ದಳು. ಡೆಲೋರಿಸ್ ಕಾಫಿಪುಡಿಯ ಖಾಲಿ ಡಬ್ಬಿಗೆ ಎರಡು ಚೀಟಿ ಹಾಕಿ ಕುಲುಕತೊಡಗಿದಳು.

"ಸಮ ಆಗೋ ಹಾಗೆ ಮಾಡ್ಕೊಂಡೋನು ನಾನೇ ನೋಡಿ," ಎಂದ ಕರ್ಟಿಸ್ ನಗುತ್ತ. "ಆ ಬಟ್ಟೆ ಕಟ್ಟದೆ ಇದ್ದಿದ್ರೆ ನಿನ್ನೆ ರಾತ್ರೀನೇ ಗೆದ್ದು ಮಲಗ್ತಿದ್ದೆ."

"ಸೋತು ಮಲಗ್ತಿದ್ದೆ ಕಣಯ್ಯ," ಎಂದರು ಎಲ್ರಾಯ್. "ನನ್ನ ಓಟು ನಿನಗೆ."

ಕರ್ಟಿಸ್ ಆರ್ಡಿಸ್ ಕಡೆ ತಿರುಗಿದ. "ಇದು ನಿಂಗೆ ಗೊತ್ತಿತ್ತಾ?"

"ಫೋನಲ್ಲೇ ಹೇಳಿದ್ರು."

ಅವನು ಅವಳ ಖಾಲಿ ಲೋಟಕ್ಕೆ ಕಾಫಿ ಬಗ್ಗಿಸಿದ. ಅಷ್ಟರಲ್ಲಿ ಡೆಲೋರಿಸ್ ಒಂದು ಚೀಟಿ ಎತ್ತಿ ಬಿಡಿಸಿದಳು.

"ಆರ್ಡಿಸ್ ಹೌಗನ್."

ಮೊದಲು ಕೈ ಕುಲುಕಿದವನು ಕರ್ಟಿಸ್. "ಯಂತ್ರದ ಮಾತು ಮಾತ್ರ ನಾನು ಬಿಡಲ್ಲ," ಎಂದ.

"ಬಿಡು ಅಂದೋರು ಯಾರು? ನನ್ನ ಕೊಟ್ಟಿಗೆ ಖಾಲಿ ಬಿದ್ದಿದೆ, ಅಲ್ಲಿ ನಿಲ್ಸಿ. ಆಗ ಯಂತ್ರ ಹೊರಡೋದೇ ಎಲ್ರಾಯ್ ದಾರಿಯಿಂದ."

ಎಲ್ರಾಯ್ ಟೋಪಿ ಮೇಲೆತ್ತಿ ಅವಳನ್ನೇ ನೋಡಿದರು. "ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ? ನನ್ನ ಓಟು ನಿನಗೇ ಬೀಳ್ತಿತ್ತು."

"ನಿನ್ನೆ ನಿಮ್ಮನ್ನ ಬಿಟ್ಟು ಬರುವಾಗ ನಿಮ್ಮ ದಾರಿಯ ಹಿಮದಲ್ಲಿ ನನ್ನ ಗಾಡಿ ಚಕ್ರ ಹೂತುಹೋಯ್ತು," ಎಂದಳು ಆರ್ಡಿಸ್. "ಆಗ ಹೊಳೀತು."